ಹುಣಸೆಹಣ್ಣು ಹಚ್ಚಿದ ಪಿಸ್ತೂಲು

ಅವರ ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಭೂತಗನ್ನಡಿಯೊಂದು ಸದಾ ತೂಗುತ್ತಿತ್ತು. ಊಟಕ್ಕೆ ಬಾಗಿದರೆ ಅದು ಸಾರಿಗೆ ತಾಗುತ್ತಿತ್ತು. ಅಂಗಿಯ ತುದಿಯಿಂದ ಒರೆಸಿಕೊಂಡು ಮಾತು ಮುಂದುವರಿಸುತ್ತಿದ್ದರು. ಪೇರ್ಲ್ಯಾಂಡ್‌ನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್, ಧಾರವಾಡದ ಕಡೆಯವರು, ಹ್ಯೂಸ್ಟನ್‌ನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ಯಾರು ಏನು ಹೇಳಿದರೂ "ನೋಡಿದ್ದೋ, ಕೇಳಿದ್ದೋ?" ಎನ್ನುವರು.

ಡಲ್ಲಾಸ್‌ನಲ್ಲಿ ತೀರಿಕೊಂಡವರೊಬ್ಬರ ಮನೆಯ ಸಾಮಾನು ಮಾರುವಾಗ ಅವರಿಗೊಂದು ಹಳೆಯ ಪಿಸ್ತೂಲು ಸಿಕ್ಕಿತ್ತು. ಮರದ ಹಿಡಿ, ಅದರ ತುದಿಗೆ ಕಪ್ಪುಗಟ್ಟಿದ ಹಿತ್ತಾಳೆಯ ಟೋಪಿ. ಗಿಡ, ಪ್ರಾಣಿ, ಕಲ್ಲುಗಳನ್ನು ಅಭ್ಯಸಿಸುತ್ತ ಪ್ರಪಂಚ ಸುತ್ತಿದ ಬೀಗಲ್ ಹಡಗಿನಲ್ಲಿ ಅದೂ ಹೋಗಿತ್ತೆಂದು ಮಾರಿದವರು ಹೇಳಿದ್ದರಂತೆ. ವಿಜ್ಞಾನದ ಹಡಗಿಗೆ ಪಿಸ್ತೂಲು ಯಾಕೆ ಎಂದೆ.

"ಗುರ್ತಿಲ್ಲದ ಸಮುದ್ರದಂಡಿಗೆ ಇಳಿಯೋರಿಗೆ ಅಂಜಿಕಿ ಇರೂದಿಲ್ಲೇನವಾ?"

ಹಿತ್ತಾಳೆಯ ಮೇಲೆ ಏನೋ ಮಸುಕು ಗುರುತಿತ್ತು. ಆ ಹಡಗಿನ ಗುರುತಾದ ಲಂಗರು ಎಂದು ಭೂತಗನ್ನಡಿ ಹಿಡಿದು ನನಗೂ ತೋರಿಸಿದರು. ನಿಜವೆಂದು ತಿಳಿದರೆ ಮ್ಯೂಸಿಯಮ್ಮಿಗೆ ಕೊಡಬೇಕೆಂಬುದು ಅವರ ಆಸೆ. ಹಳೆಯ ಆಯುಧಗಳನ್ನು ಪರೀಕ್ಷಿಸುವ ಆಸ್ಟಿನ್‌ನ ಒಬ್ಬರು ತರಲು ಹೇಳಿದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಕಾರಿನ ಕೀಲಿ, ಲ್ಯಾಪ್‌ಟಾಪುಗಳ ಜೊತೆ ಪಿಸ್ತೂಲೂ ಪೂಜೆಗೆ ಕೂರಬೇಕು. "ದೇವರ ಮುಂದ ಕರ್ರಗ ಹೆಂಗ ಇಡೂದು" ಎಂದು ಅವರೇ ಹುಣಸೆಹಣ್ಣು, ಉಪ್ಪು ಹಚ್ಚಿ ಸ್ಟೀಲ್ ನಾರಿನಿಂದ ಉಜ್ಜಿದರು. ಹಿತ್ತಾಳೆ ಬಂಗಾರದಂತೆ ಹೊಳೆಯಿತು. ಗುರುತು ಹೋಗಿತ್ತು.

ಹಡಗಿನವರು ಬಳಸುತ್ತಿದ್ದ ಬಗೆಯದೇ, ಯಾವ ಹಡಗೆಂದು ಹೇಳಲು ಈಗ ಏನೂ ಉಳಿದಿಲ್ಲ ಎಂದರು ಆಸ್ಟಿನ್‌ನವರು. ಹಿಂದಿರುಗುವಾಗ ನಾನು ಡ್ರೈವ್ ಮಾಡುತ್ತಿದ್ದೆ. ಹಿಂದಿನ ಸೀಟಿನಿಂದ ಆಂಟಿ, "ಮದುವ್ಯಾದಾಗಿಂದ ಒಂದು ತಂಬಗಿ ತಿಕ್ಕಲಿಲ್ಲ. ತಿಕ್ಕಿ ತಿಕ್ಕಿ ಇದನ್ನ ತಿಕ್ಕಿದ್ರಿ" ಎಂದರು.

ಅಂಕಲ್ ನಗಲಿಲ್ಲ. ನನ್ನತ್ತ ತಿರುಗಿ, "ನೀನೂ ನೋಡೀಯಲ್ಲವಾ, ಲಂಗರು ಇತ್ತಲ್ಲ? ನೀ ಹೂಂ ಅಂದ್ರ ಇಬ್ರೂ ಸಹಿ ಮಾಡಿ ಮ್ಯೂಸಿಯಮ್ಮಿಗೆ ಬರದು ಕೊಡೂಣು" ಎಂದರು.

ನೆನೆಸಿಕೊಂಡೆ. ಕಪ್ಪು ಹಿತ್ತಾಳೆ, ಅದರ ಮೇಲೊಂದು ಕೊಕ್ಕೆಯಂಥ ಗೆರೆ. ಅದು ಲಂಗರೇ ಆಗಿತ್ತೋ, ಅವರು ಹಾಗೆಂದಿದ್ದರಿಂದ ಲಂಗರಾಗಿ ಕಂಡಿತೋ?

"ಗೆರೆ ನೋಡಿದ್ದೆ ಅಂಕಲ್. ಲಂಗರು ಅಂತ ನೀವು ಹೇಳಿದ್ದನ್ನ ಕೇಳಿದ್ದೆ."

ಅವರು ಭೂತಗನ್ನಡಿಯನ್ನು ಸುಮ್ಮನೆ ಒರೆಸಿದರು. "ನಾನೂ ನೋಡಿದ್ದು ಗೆರೀನಽ. ಬರಿಯೂದು ಬ್ಯಾಡ ಬಿಡು."

ಆಮೇಲೆ ಮನೆಗೆ ಬಂದವರಿಗೆಲ್ಲ ಪಿಸ್ತೂಲು ತೋರಿಸಿ, "ಬೀಗಲ್‌ದಾಗ ಹೋಗಿತ್ತಂತ. ಹೌದೋ ಅಲ್ಲೋ ತಿಳಿಯೂ ದಾರಿ ನಾನಽ ತೊಳದುಬಿಟ್ಟೆ" ಎನ್ನುತ್ತಿದ್ದರು.

ಕಳೆದ ವರ್ಷ ಅವರು ತೀರಿಹೋದರು. ಈ ದಸರೆಗೆ ಆಂಟಿ ಪಿಸ್ತೂಲಿಗೆ ಒಂದು ಹೂವನ್ನಷ್ಟೇ ಏರಿಸಿದರಂತೆ. ಹಿತ್ತಾಳೆ ಮತ್ತೆ ಕಪ್ಪಾಗುತ್ತಿದೆ ಎಂದು ಫೋನಿನಲ್ಲಿ ಹೇಳಿದರು. ಅದನ್ನು ದಿನಚರಿಯಲ್ಲಿ ಬರೆಯಲು ಕೂತವಳು ಪೆನ್ನು ಕೆಳಗಿಟ್ಟೆ. ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ನಡೆದೆ, ಆಂಟಿಯಿಂದ ಅಂಕಲ್‌ರ ಭೂತಗನ್ನಡಿ ಕೇಳಿ ಪಡೆದು ಪಿಸ್ತೂಲು ನೋಡಿದೆ. ಹೌದು, ಅಂಚಿನಲ್ಲಿ ಕಪ್ಪಾಗುತ್ತಿದೆ.