ಗಡಿಯಾಚೆ ಹೋದ ನನ್ನ ಮುಖ

ನಮ್ಮ ಹಲ್ಲುಪುಡಿ ಡಬ್ಬಿಯ ಮೇಲೆ ನನ್ನ ಮುಖವಿತ್ತು. ಬಸವಕಲ್ಯಾಣದ ಮನೆಯಲ್ಲೇ ಅಪ್ಪ ಪುಡಿ ಕುಟ್ಟಿ ತುಂಬುತ್ತಿದ್ದರು. ನಗುವ ಹುಡುಗಿಯ ಚಿತ್ರ ಬೇಕೆಂದು ನನ್ನನ್ನೇ ಕೂರಿಸಿದರು. ನನಗೆ ಮುಂದಿನ ಹಲ್ಲೇ ಬಿದ್ದಿತ್ತು. ಹಲ್ಲುಪುಡಿಯ ಮಾನ ಉಳಿಸಲು ಬಾಯಿ ಮುಚ್ಚಿಕೊಂಡು ನಕ್ಕೆ. ಆ ಚಿತ್ರವನ್ನು ಅಪ್ಪ ಹೈದರಾಬಾದಿನ ಕಚೇರಿಯಲ್ಲಿ ತಮ್ಮ ಮಾಲಿನ ಗುರುತೆಂದು ಬರೆಸಿ ಕಾಗದ ಪಡೆದಿದ್ದರು. ಆಗ ನಮ್ಮದು ನಿಜಾಮರ ರಾಜ್ಯ, ಸೊಲ್ಲಾಪುರ ಇಂಗ್ರೇಜರದು.

ಯುದ್ಧದ ಕಾಲ. ಹುಮನಾಬಾದಿನಿಂದ ಒಬ್ಬ ಬಂದವನೇ ಡಬ್ಬಿಯನ್ನು ಅಪ್ಪನ ಕಾಲ ಬಳಿ ಒಗೆದ. ಅವನ ಕೆನ್ನೆ ಊದಿತ್ತು.

"ನಿನ್ನ ಮಗಳ ಮಾರಿ ನೋಡಿ ತಗೊಂಡೆ. ವಸಡೆಲ್ಲಾ ಸುಟ್ಟು ಹೋತು!"

ಅಪ್ಪ ಮೂಸಿ ನೋಡಿದರು. ಪುಡಿ ನಮ್ಮದಲ್ಲ, ಮುಖ ಮಾತ್ರ ನನ್ನದು. ಬಂದವನನ್ನು ಕೇಳಿದರೆ, ಸೊಲ್ಲಾಪುರದಿಂದ ಹುಮನಾಬಾದಿನ ಅಂಗಡಿಗೆ ಬಂದ ಮಾಲಂತೆ. ಹೀಗೇ ನಾಲ್ಕು ಜನರ ವಸಡು ಸುಟ್ಟರೆ ನಮ್ಮ ಡಬ್ಬಿಯನ್ನು ಯಾರು ಮುಟ್ಟುತ್ತಾರೆ?

ಮರುದಿನ ಅಪ್ಪ ನನ್ನನ್ನೂ ಕರೆದುಕೊಂಡು, ಹುಮನಾಬಾದಿನ ಪೊಲೀಸ್ ಅಮೀನರೊಂದಿಗೆ ಆ ಮಾಲು ಮಾರುವ ಅಂಗಡಿಗೆ ಹೋದರು. ಅಂಗಡಿಯವನು ಕೂತಲ್ಲಿಂದ ಏಳಲಿಲ್ಲ.

"ಈ ಹುಡಿಗಿ ಬ್ಯಾರೆ ಅದಾಳ್ರಿ, ಸಾಹೇಬ್ರ. ನತ್ತು ನೋಡ್ರಿ, ಬಲಕ್ಕದ. ಅವರ ಹುಡಿಗಿದು ಎಡಕ್ಕದ."

ನಿಜವೇ. ಅಮೀನರು ಎರಡು ಡಬ್ಬಿಗಳನ್ನೂ ನೋಡಿದರು, ನನ್ನ ಮೂಗನ್ನೂ ನೋಡಿದರು. "ಛಾಪ್ ಬ್ಯಾರೆ ಇದ್ರ ನಾ ಏನು ಮಾಡ್ಲಿ?" ಎಂದು ಎದ್ದೇಬಿಟ್ಟರು. ಅಪ್ಪ ನನ್ನ ಹೆಗಲು ಹಿಡಿದು ಬಾಗಿಲ ಕಡೆ ತಿರುಗಿಸಿದರು.

ಅಂಗಡಿಯ ಗೋಡೆಯಲ್ಲಿ ಕನ್ನಡಿಯಿತ್ತು. ಅದರೊಳಗಿನ ನನ್ನ ನತ್ತು ಕಂಡು ಚೀರಿದೆ:

"ಸಾಹೇಬ್ರ, ಕನ್ನಡ್ಯಾಗ ನಂದೂ ಬಲಕ್ಕದ!"

ಅಮೀನರು ನಕಲಿ ಡಬ್ಬಿಯನ್ನು ಕನ್ನಡಿಗೆ ಹಿಡಿದರು. ಅಕ್ಷರಗಳು ಉಲ್ಟಾ ಆದವು, ಹುಡುಗಿ ಮಾತ್ರ ನಾನೇ ಆದಳು. ಚೀಟಿ ಅಚ್ಚು ಹಾಕುವ ಕಲ್ಲಿನ ಮೇಲೆ ಎಲ್ಲವನ್ನೂ ತಿರುವುಮುರುವಾಗಿ ಬರೆದರಷ್ಟೇ ಕಾಗದದ ಮೇಲೆ ನೆಟ್ಟಗೆ ಮೂಡುತ್ತದೆ. ಕದ್ದವನು ಅಕ್ಷರ ತಿರುಗಿಸಿದ್ದ, ಮುಖ ತಿರುಗಿಸಲು ಮರೆತಿದ್ದ.

"ಏನಪಾ, ಈಕೀನೂ ಬ್ಯಾರೆ ಏನು?" ಎಂದರು ಅಮೀನರು. ಅಂಗಡಿಯವನು ಈಗ ಎದ್ದು ನಿಂತ.

"ಎಲ್ಲಾ ಸುಡಸ್ರಿ, ಸಾಹೇಬ್ರ" ಎಂದರು ಅಪ್ಪ.

"ಸುಡಾಕ ಬರಂಗಿಲ್ಲ. ನಿಮ್ಮ ಕಾಗದ ನಮ್ಮ ರಾಜ್ಯಾದಾಗ ಅಷ್ಟೇ ನಡೀತದ. ಸೊಲ್ಲಾಪುರದಾಗ ಮಾಡಿದ್ದು ಅಲ್ಲಿ ಗುನ್ಹಾ ಅಲ್ಲ. ಮಾಲು ಸುಂಕದ ನಾಕಾ ದಾಟಿಸ್ತೀನಿ. ಮತ್ತ ಈ ಕಡೆ ಬಂದ್ರ ಜಪ್ತಿ."

ಅಪ್ಪ ಕೈ ಮುಗಿದರು. ನನಗೆ ಮಾತ್ರ ಸಿಟ್ಟು.

"ಅಪ್ಪಾ, ಅಲ್ಲಿ ಮಂದಿ ವಸಡು ಸುಟ್ರ ನನಗೇ ಬೈತಾರಲ್ಲಾ?"

"ಬೈಲಿ ಬಿಡವ್ವಾ. ನಾಕಾದ ಆಚಿ ನಿನ್ನ ಮೂಗು ನಮ್ದಲ್ಲ."

ಪೆಟ್ಟಿಗೆಗಳನ್ನು ಗಾಡಿಗೆ ಹೇರುತ್ತಿದ್ದರು. ನಾನು ಹಿಂದಿನಿಂದ ಹತ್ತಿ, ಸಿಕ್ಕ ಡಬ್ಬಿಗಳ ಮೇಲಿನ ಮೂಗನ್ನೆಲ್ಲ ಉಗುರಿನಿಂದ ಕೆರೆಯತೊಡಗಿದೆ. ಅಪ್ಪ ರಟ್ಟೆ ಹಿಡಿದು ಇಳಿಸುವಷ್ಟರಲ್ಲಿ ಒಂದು ಪೆಟ್ಟಿಗೆಯ ಹುಡುಗಿಯರೆಲ್ಲ ಮೂಗಿಲ್ಲದೆ ಸೊಲ್ಲಾಪುರಕ್ಕೆ ಹೊರಟಿದ್ದರು.