ನಾನು ತುಂಬಿದ ತಾರೀಖು

ಫುರಾಹಾ ಅವರ ಅರ್ಜಿ ತಿರಸ್ಕೃತವಾದದ್ದು ಅವರು ಸುಳ್ಳು ಹೇಳಿದ್ದರಿಂದಲ್ಲ. ಅವರ ಹೇಳಿಕೆಯಲ್ಲಿದ್ದ ಸುಳ್ಳು ನನ್ನದು. ನಾಲ್ಕು ವರ್ಷ ಈ ಮಾತನ್ನು ಯಾರಿಗೂ ಹೇಳಲಿಲ್ಲ — ಹೇಳಲೇಬೇಕಾದವರಿಗಂತೂ ಇಲ್ಲವೇ ಇಲ್ಲ.

ಆಶ್ರಯ ಕೋರಿ ಬೇರೆ ದೇಶಗಳಿಂದ ಬಂದವರಿಗೆ ಕಾನೂನಿನ ನೆರವು ನೀಡುವ, ಜಯನಗರದ ಒಂದು ಸಣ್ಣ ಕಚೇರಿಯಲ್ಲಿ ನನ್ನ ಉದ್ಯೋಗ. ಬಂದವರ ಕಥೆ ಕೇಳಿ, ಅದನ್ನು ಇಂಗ್ಲಿಷಿನಲ್ಲಿ ಹೇಳಿಕೆಯಾಗಿ ಬರೆಯುವುದು ನನ್ನ ಕೆಲಸ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಒಂದು ಅಲ್ಪವಿರಾಮ ತಪ್ಪಿದರೂ ಇಡೀ ಪುಟವನ್ನು ಮತ್ತೆ ಬರೆಯುತ್ತೇನೆ.

ಫುರಾಹಾ ಕಾಂಗೋ ದೇಶದವರು. ಹುಳಿಮಾವಿನಲ್ಲಿ ಒಂದು ಕೋಣೆ ಹಿಡಿದು, ಹೆಂಗಸರ ಕೂದಲು ಹೆಣೆದು ಬದುಕುತ್ತಿದ್ದರು. ಮನೆಯ ಓನರ್ ಆಂಟಿಯಿಂದ ಕಲಿತ ಕನ್ನಡದಲ್ಲಿಯೇ ನನ್ನೊಡನೆ ಮಾತು. ಹೇಳಿಕೆ ಬರೆಸಲು ಬಂದ ದಿನ ಆ ಆಂಟಿ ಕೊಟ್ಟ ಅವರೆಕಾಯಿಯ ಚೀಲ ಅವರ ತೊಡೆಯ ಮೇಲಿತ್ತು. ಕಾಯಿ ಸುಲಿಯುತ್ತಲೇ ಹೇಳಿದರು — ಬಂದೂಕು ಹಿಡಿದವರು ಊರಿಗೆ ನುಗ್ಗಿದ್ದು, ಗಂಡನನ್ನು ಎಳೆದೊಯ್ದದ್ದು, ತಾವು ಓಡಿದ್ದು.

"ಯಾವ ತಾರೀಖು?" ಎಂದು ಕೇಳಿದೆ.

"ತಾರೀಖು ಗೊತ್ತಿಲ್ಲ ಅಕ್ಕ. ಮುಸುಕಿನ ಜೋಳ ಮುರಿದಿದ್ವಿ. ಇನ್ನೂ ಒಣಗಿರ್ಲಿಲ್ಲ."

ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ' ಎಂದೇ ಬರೆಯಿರಿ ಎಂದು ನಮೂನೆಯಲ್ಲಿ ಅಚ್ಚಾಗಿತ್ತು. ನಾನು ಅದನ್ನು ಓದಿದ್ದೆ. ಆದರೂ ಆ ಖಾಲಿ ಜಾಗ ನನ್ನನ್ನು ಸುಮ್ಮನಿರಗೊಡಲಿಲ್ಲ. ನನ್ನನ್ನು ಶಾಲೆಗೆ ಸೇರಿಸುವಾಗ ಅವ್ವ, "ಹತ್ತಿ ಬಿಡಸೂ ಹೊತ್ತಿನ್ಯಾಗ ಹುಟ್ಟ್ಯಾಳ್ರಿ" ಎಂದಿದ್ದಳಂತೆ. "ಖಾಲಿ ಬಿಡಾಕ ಬರಂಗಿಲ್ಲ ತಂಗಿ, ಜೂನ್ ಒಂದು ಅಂತ ಬರೀತೀನಿ" ಎಂದು ಹೆಡ್‌ಮಾಸ್ತರರು ಬರೆದರು. ಆ ತಾರೀಖಿನ ಮೇಲೆಯೇ ನನ್ನ ಅಂಕಪಟ್ಟಿ, ಪದವಿ, ಉದ್ಯೋಗ ಎಲ್ಲವೂ ನಿಂತಿವೆ. ಅದರಿಂದ ಯಾರಿಗೂ ಕೇಡಾಗಲಿಲ್ಲ — ಹಾಗೆಂದುಕೊಂಡೆನೋ, ಅಥವಾ ಏನನ್ನೂ ಅಂದುಕೊಳ್ಳಲೇ ಇಲ್ಲವೋ, ಈಗ ಹೇಳಲಾರೆ.

ಮುಸುಕಿನ ಜೋಳಕ್ಕೆ ನಮ್ಮ ಹಾವೇರಿ ಕಡೆ ಗೋವಿನಜೋಳ ಎನ್ನುತ್ತಾರೆ; ಅಲ್ಲಿ ಅದನ್ನು ಮುರಿಯುವುದು ದಸರೆಯ ಆಸುಪಾಸಿನಲ್ಲಿ. ಲೆಕ್ಕ ಹಾಕಿ, ಅಕ್ಟೋಬರಿನ ಒಂದು ತಾರೀಖನ್ನು ಬರೆದೆ. ಹೇಳಿಕೆಯನ್ನು ಅವರಿಗೆ ಓದಿ ಹೇಳುವಾಗ ಆ ಸಾಲನ್ನು ಬಿಟ್ಟು ಮುಂದೆ ಹೋದೆ. ಅವರು ನನ್ನನ್ನು ನಂಬಿ ಸಹಿ ಹಾಕಿದರು. "ಒಂದು ಕಾಲಮ್ಮೂ ಖಾಲಿ ಬಿಟ್ಟಿಲ್ಲ, ನೀಟಾಗಿದೆ" ಎಂದರು ನಮ್ಮ ವಕೀಲೆ ಮೇಡಂ. ನನಗೆ ಸಂತೋಷವಾಯಿತು. ಅದನ್ನೂ ಬರೆಯಬೇಕು — ಸಂತೋಷವಾಯಿತು.

ನಿರಾಶ್ರಿತರ ಗುರುತಿನ ಚೀಟಿ ಕೊಡುವ ಸಂಸ್ಥೆಯ ಸಂದರ್ಶನ ನಡೆದದ್ದು ನಮ್ಮ ಕಚೇರಿಯ ಕಂಪ್ಯೂಟರಿನ ಪರದೆಯ ಮೇಲೆ. ನಾನು ಅವರ ಪಕ್ಕದಲ್ಲಿಯೇ ಕುಳಿತಿದ್ದೆ. ಜೋಳ ಮುರಿದ ಮಾತನ್ನು ಫುರಾಹಾ ಅಲ್ಲಿಯೂ ಹೇಳಿದರು. ಆ ತಿಂಗಳಿನಲ್ಲಿ ನಿಮ್ಮ ಕಡೆ ಜೋಳ ಬಿತ್ತುವುದಲ್ಲವೇ, ಮುರಿಯುವುದು ಹೇಗೆ, ಈ ತಾರೀಖು ಹೇಳಿದ್ದು ನೀವೇನಾ ಎಂದು ಅಧಿಕಾರಿ ಕೇಳಿದರು. ಫುರಾಹಾ ನನ್ನತ್ತ ನೋಡಿದರು. ನಾನು ಕಾಗದದತ್ತ ನೋಡಿದೆ. ಅವರು ತಮ್ಮ ಭಾಷೆಯಲ್ಲಿ ಏನೋ ಹೇಳಿದರು; ದುಭಾಷಿ ಅದನ್ನು ಇಂಗ್ಲಿಷಿಗೆ ತಂದರು — ನಾನೇ ಹೇಳಿದ್ದು, ಈಗ ಮರೆತಿದೆ.

ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದೆ. ಬಾಯಿ ತೆರೆಯುವಷ್ಟರಲ್ಲಿ ಅವರೇ ನಕ್ಕರು. "ಏನಕ್ಕ, ನಿಮ್ಮೂರಲ್ಲಿ ಜೋಳಕ್ಕೆ ಅಷ್ಟು ಅರ್ಜೆಂಟಾ?" ಆಮೇಲೆ ಮೆಲ್ಲಗೆ, "ಸುಮ್ನಿರಿ. ನಿಮ್ಮ ಕೆಲಸ ಹೋದ್ರೆ ನನಗೆ ಯಾರು ಬರ್ಕೊಡ್ತಾರೆ?"

ಹೇಳಿಕೆ ನಂಬಲರ್ಹವಲ್ಲ ಎಂದು ಉತ್ತರ ಬಂತು. ಮೇಲ್ಮನವಿಯನ್ನೂ ನಾನೇ ಬರೆದೆ — ಆಘಾತದಿಂದಾಗಿ ಅರ್ಜಿದಾರರ ನೆನಪು ಕುಂದಿದೆ ಎಂದು. ನನ್ನ ತಪ್ಪನ್ನು ಎರಡನೆಯ ಬಾರಿ, ಇನ್ನೂ ಒಳ್ಳೆಯ ಇಂಗ್ಲಿಷಿನಲ್ಲಿ, ಅವರ ತಲೆಯ ಮೇಲೆ ಹೊರಿಸಿದೆ. ಅವರ ನೆನಪಿಗೆ ಏನೂ ಆಗಿರಲಿಲ್ಲ. ಮೇಲ್ಮನವಿಯೂ ಬಿದ್ದುಹೋಯಿತು.

ನಿರಾಶ್ರಿತರ ಗುರುತಿನ ಚೀಟಿ ಇಲ್ಲದೆ ಅವರು ಮೂರು ಮನೆ ಬದಲಿಸಿದ್ದಾರೆ. ಪೊಲೀಸರು ಎದುರಾದರೆ ತೋರಿಸಲು ಏನೂ ಇಲ್ಲ. ಮೊನ್ನೆ ಅವರ ಕಡತವನ್ನು ಮುಂದಿಟ್ಟುಕೊಂಡು ಮೇಡಂ, "ಹೊಸ ಆಧಾರ ಏನಾದ್ರೂ ಸಿಕ್ಕಿದ್ರೆ ಮತ್ತೆ ಓಪನ್ ಮಾಡಿಸ್ಬಹುದಿತ್ತು. ಏನಿದೆ ನಮ್ಮ ಹತ್ರ?" ಎಂದರು.

ಆಧಾರ ಅವರ ಎದುರಿನ ಕುರ್ಚಿಯಲ್ಲಿಯೇ ಕುಳಿತಿತ್ತು.

ಅಂದಿನಿಂದ ನನ್ನ ಯೋಚನೆ ಒಂದು ದಡ ಮುಟ್ಟಿಲ್ಲ. ಒಪ್ಪಿಕೊಂಡರೆ ನನ್ನ ಕೈಯಿಂದ ಬರೆಸಿಕೊಂಡ ಉಳಿದವರ ಹೇಳಿಕೆಗಳನ್ನೂ ಅನುಮಾನಿಸುತ್ತಾರೆ. ಅವರಲ್ಲಿ ಚೀಟಿ ಪಡೆದು ನೆಮ್ಮದಿಯಾಗಿರುವವರಿದ್ದಾರೆ; ಇನ್ನೂ ಕಾಯುತ್ತಿರುವವರಿದ್ದಾರೆ. ಬೇರೆ ಯಾರ ಹೇಳಿಕೆಯಲ್ಲಿ ಖಾಲಿ ಜಾಗ ತುಂಬಿದೆನೋ — ತುಂಬಿಲ್ಲ ಎಂದು ಆಣೆ ಮಾಡುವ ಧೈರ್ಯವೂ ನನಗಿಲ್ಲ. ಅವರಿಗಾಗಿ ಹೆದರುತ್ತಿದ್ದೇನೆಯೋ, ನನ್ನ ಉದ್ಯೋಗಕ್ಕಾಗಿಯೋ? ಎರಡನ್ನೂ ಬಿಡಿಸಿ ನೋಡಲು ಹೋದಷ್ಟೂ ಗೋಜಲಾಗುತ್ತದೆ. ಗೋಜಲಾಗಿರುವವರೆಗೆ ಸುಮ್ಮನಿರಬಹುದು ಎಂಬ ಆಸೆಯೂ ಅದರೊಳಗೇ ಇರಬಹುದು...

ಇಂದು ಮಧ್ಯಾಹ್ನ, ಕಚೇರಿಯ ಅದೇ ಮೇಜಿನ ಮೇಲೆ, ನನ್ನದೇ ಹೇಳಿಕೆಯನ್ನು ಬರೆಯಲು ಕುಳಿತೆ. ಹೆಸರು, ಉದ್ಯೋಗ, ಮಾಡಿದ ತಪ್ಪು. ಅದನ್ನು ಮಾಡಿದ ತಾರೀಖು ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ನನಗೆ ನೆನಪಿರಲಿಲ್ಲ. ಲೆಕ್ಕ ಹಾಕಿದರೆ ಒಂದು ತಾರೀಖು ಹೊರಡುತ್ತಿತ್ತು. ಕೈ ಅಭ್ಯಾಸದಂತೆ ಕ್ಯಾಲೆಂಡರಿನತ್ತ ಹೋಯಿತು ಕೂಡ.

ಕೈ ಹಿಂದಕ್ಕೆ ತೆಗೆದುಕೊಂಡೆ. ಗೊತ್ತಿಲ್ಲ, ಎಂದು ಬರೆದೆ. ಅದರ ಮುಂದೆ: ಅವರೆಕಾಯಿಯ ಕಾಲ, ಫುರಾಹಾ ಸುಲಿಯುತ್ತಿದ್ದರು. ಸಹಿ ಹಾಕಿ, ಮೇಡಂ ಕೋಣೆಗೆ ಹೋಗುವ ಮೊದಲು ಫುರಾಹಾ ಅವರಿಗೆ ಫೋನ್ ಮಾಡಿದೆ. ಒಂದು ಸಾಲನ್ನೂ ಬಿಡದೆ ಓದಿ ಹೇಳಬೇಕಾಗಿತ್ತು.