ಲಸ್ಸಾದ್ ಬಾಯಿ ಬಿಟ್ಟ ಕಥೆ

ಟ್ಯುನೀಶಿಯಾದ ನಮ್ಮ ಕೆರ್ಕೆನ್ನಾ ದ್ವೀಪದಲ್ಲಿ ಲಸ್ಸಾದನಷ್ಟು ಕಡಿಮೆ ಮಾತಾಡುವ ಮನುಷ್ಯ ಇನ್ನೊಬ್ಬನಿರಲಿಲ್ಲ. ಬೆಳಿಗ್ಗೆ ಸಮುದ್ರಕ್ಕೆ ಹೋಗುವ ಮುನ್ನ ದಕ್ಕೆಯ ಬಳಿಯ ನನ್ನ ಕಾಫಿ ಅಂಗಡಿಗೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ. ನಾನು ಲೋಟ ಮುಂದಿಡುತ್ತಿದ್ದೆ. ಅವನು ಕುಡಿದು, ತಲೆಯಾಡಿಸಿ, ಎದ್ದು ಹೋಗುತ್ತಿದ್ದ. ಸಕ್ಕರೆ ಬೇಕೋ ಬೇಡವೋ ಎಂದು ಅವನು ಯಾವತ್ತೂ ಹೇಳಿದವನಲ್ಲ. ಬೇಕಿರಬಹುದು ಎಂದುಕೊಂಡು ನಾನೇ ಹಾಕಿಬಿಡುತ್ತಿದ್ದೆ.

ಅವನ ಕಸುಬು ಆಕ್ಟೋಪಸ್ ಹಿಡಿಯುವುದು. ಮಣ್ಣಿನ ಮಡಕೆಗಳನ್ನು ಸಾಲಾಗಿ ಹಗ್ಗಕ್ಕೆ ಕಟ್ಟಿ ಸಮುದ್ರದ ತಳಕ್ಕೆ ಇಳಿಸಿ ಬಂದರೆ, ಆಕ್ಟೋಪಸ್ ಅದನ್ನೇ ತನ್ನ ಮನೆ ಅಂದುಕೊಂಡು ಒಳಗೆ ಸೇರಿಕೊಳ್ಳುತ್ತದೆ. ಮಾತೇ ಬೇಡದ ಕೆಲಸ. ದೋಣಿಗಳ ಇಂಜಿನ್ ರಿಪೇರಿ ಮಾಡುವ ಬುಬೇಕರ್ ಹೇಳುತ್ತಿದ್ದ: "ಮಡಕೆಗೂ ಇವನಿಗೂ ಒಳ್ಳೇ ಜೋಡಿ ಕಣ್ರಯ್ಯಾ. ಇಬ್ರಿಗೂ ಬಾಯಿ ಇದೆ, ಮಾತು ಮಾತ್ರ ಬರಲ್ಲ."

ಅಂಥವನಿಗೆ ಸಿಕ್ಕ ಹೆಂಡತಿ ರೌದಾ. ಸ್ಫಾಕ್ಸ್ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್. ದಿನಾ ಲಾಂಚು ಹತ್ತಿ ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಲಾಂಚು ಆಚೆ ದಡ ಮುಟ್ಟುವಷ್ಟರಲ್ಲಿ ಇಡೀ ದ್ವೀಪದ ಸುದ್ದಿ ಮುಗಿಸಿ, ಬರುವಾಗ ಪಟ್ಟಣದ ಸುದ್ದಿ ಹೊತ್ತು ತರುತ್ತಿದ್ದಳು. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಾಳೆ, ಸರಿಹೋಯಿತು ಎಂದು ಮದುವೆಯ ದಿನವೇ ಹಿರಿಯರು ಸಮಾಧಾನಪಟ್ಟಿದ್ದರು. ಮಕ್ಕಳಾಗಲಿಲ್ಲ. ರೌದಾಳ ತಾಯಿ ಸಾಲ್ಹಾ ದೊಡ್ಡಮ್ಮ ಅವರ ಜೊತೆಯಲ್ಲೇ ಇದ್ದಳು. ಜೊತೆಯಲ್ಲಿ ಅನ್ನುವುದಕ್ಕಿಂತ, ಆಕೆಯ ಮನೆಯಲ್ಲಿ ಇವರಿಬ್ಬರು ಇದ್ದರು ಎನ್ನಬೇಕು. ಲಸ್ಸಾದ್ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಾಗಿನಿಂದ ಅವನನ್ನು ನೋಡಿದವಳಾದ್ದರಿಂದ ಅಳಿಯ ಎಂಬ ಬಿಗುಮಾನವೇನೂ ಆಕೆಗಿರಲಿಲ್ಲ.

ಒಂದು ವರ್ಷ ಜರ್ಮನಿಯ ಆಸ್ಪತ್ರೆಯವರು ನರ್ಸ್‌ಗಳು ಬೇಕೆಂದು ಕೇಳಿದರು. ರೌದಾ ಹೋಗಿ ಹೆಸರು ಕೊಟ್ಟಳು, ಭಾಷೆ ಕಲಿತಳು, ಕಾಸೆಲ್ ಎಂಬ ಊರಿಗೆ ಹೊರಟೇಬಿಟ್ಟಳು. ದಕ್ಕೆಯಲ್ಲಿ ಅವಳು ಅತ್ತಳು, ನಕ್ಕಳು, ಎಲ್ಲರನ್ನೂ ಅಪ್ಪಿಕೊಂಡಳು. ಲಸ್ಸಾದ್ ಪೆಟ್ಟಿಗೆಯನ್ನು ಲಾಂಚಿಗೆ ಏರಿಸಿ, "ಹುಷಾರು" ಎಂದ. ಅಷ್ಟೇ. ಆಮೇಲೆ ದಿನಾ ಸಂಜೆ ಫೋನು ಬರುತ್ತಿತ್ತು. ಅವಳು ಹೇಳುತ್ತಿದ್ದಳು, ಇವನು ಹೂಂಗುಟ್ಟುತ್ತಿದ್ದ.

ವರ್ಷ ತುಂಬಿದ ಮೇಲೆ ಒಂದು ಸಂಜೆ ಅವಳು, "ನನಗೆ ಇಲ್ಲಿ ಮನೆ ಸಿಕ್ಕಿದೆ. ನೀನೂ ಬಂದ್ಬಿಡು. ಹೆಂಡ್ತಿ ಇಲ್ಲಿದ್ರೆ ಗಂಡನಿಗೆ ವೀಸಾ ಕೊಡ್ತಾರೆ" ಎಂದಳು. ಫೋನು ಕಟ್ಟಾಯಿತೇನೋ ಎಂದು ಅವಳು ಕೂಗಿದ ಮೇಲೆ ಲಸ್ಸಾದ್, "ಆಗಲಿ" ಎಂದ.

ಸುದ್ದಿ ಮಾರನೇ ದಿನವೇ ನನ್ನ ಅಂಗಡಿಗೆ ಬಂತು. ನಮ್ಮ ದ್ವೀಪದಿಂದ ಗಂಡಸರು ಫ್ರಾನ್ಸಿಗೋ ಇಟಲಿಗೋ ಹೋಗಿ, ಆಮೇಲೆ ಹೆಂಡತಿಯರನ್ನು ಕರೆಸಿಕೊಳ್ಳುವುದು ವಾಡಿಕೆ. ಇದು ತಿರುಗುಮುರುಗು. ಬುಬೇಕರನಿಗೆ ಹಬ್ಬವೇ ಆಯಿತು.

"ಏನಪ್ಪಾ ಮದುಮಗಳೇ, ಗಂಡನ ಮನೆಗೆ ಹೊರಟ್ಯಂತೆ?" ಎಂದ. "ಅತ್ತೆ ಕೈಲಿ ಅಡುಗೆ ಕಲ್ತ್ಕೊಂಡು ಹೋಗು. ಇಲ್ಲಾಂದ್ರೆ ವಾಪಸ್ ಕಳಿಸ್ತಾರೆ."

ಲಸ್ಸಾದ್ ಕಾಫಿ ಮುಗಿಸಿ ತಲೆಯಾಡಿಸಿ ಹೋದ. ನಿಜವಾದ ಸಂಕಟ ಬುಬೇಕರನ ಮಾತಿನದಾಗಿರಲಿಲ್ಲ. ವೀಸಾಕ್ಕೆ ಅರ್ಜಿ ಹಾಕುವ ಮೊದಲು ಗಂಡನಾದವನು ಜರ್ಮನ್ ಭಾಷೆಯ ಮೊದಲ ಪರೀಕ್ಷೆ ಪಾಸು ಮಾಡಬೇಕು ಎಂಬ ನಿಯಮ ಆಗ ಇತ್ತು. ಓದಬೇಕು, ಬರೆಯಬೇಕು, ಕೇಳಿ ತಿಳಿದುಕೊಳ್ಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಎದುರಿಗೆ ಕೂತವರ ಜೊತೆ ಮಾತಾಡಬೇಕು.

"ಅರಬ್ಬಿಯಲ್ಲೇ ಪಾಸಾಗದವನು ಇವನು" ಎಂದ ಬುಬೇಕರ್. ಅವತ್ತು ಯಾರೂ ನಗಲಿಲ್ಲ. ಅದು ತಮಾಷೆಯಾಗಿರಲಿಲ್ಲವಲ್ಲ.

ಸ್ಫಾಕ್ಸ್‌ನಲ್ಲಿ ಚಪ್ಪಲಿ ಅಂಗಡಿಯೊಂದರ ಮಹಡಿಯಲ್ಲಿ ಒಲ್ಫಾ ಟೀಚರ್ ಪಾಠ ಹೇಳುತ್ತಿದ್ದಳು. ಲಸ್ಸಾದ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲ ದಿನ ಹೋದಾಗ, ತರಗತಿಯ ತುಂಬ ಹೊಸದಾಗಿ ಮದುವೆಯಾದ ಹುಡುಗಿಯರು. ಎಲ್ಲರ ಗಂಡಂದಿರೂ ಜರ್ಮನಿಯಲ್ಲಿ. ಇವನು ಯಾರದೋ ಅಪ್ಪ, ಮಗಳನ್ನು ಬಿಟ್ಟುಹೋಗಲು ಬಂದಿದ್ದಾನೆ ಎಂದುಕೊಂಡು ಶೈಮಾ ಎಂಬ ಹುಡುಗಿ ಹೊರಗಡೆ ಕುರ್ಚಿ ಹಾಕಿಕೊಟ್ಟಳು. ಇವನು ಬಾಯಿಬಿಟ್ಟು ಅಲ್ಲಗಳೆಯಬೇಕಿತ್ತು. ಹಾಗೆ ಮಾಡದೆ ಪಾಠ ಮುಗಿಯುವ ತನಕ ಹೊರಗೇ ಕೂತಿದ್ದ. ಕೊನೆಗೆ ಹಾಜರಿ ಕರೆದ ಟೀಚರ್, ಲಸ್ಸಾದ್ ಎಂಬ ಹುಡುಗ ಎಲ್ಲಿ ಎಂದು ಕೇಳಿದಾಗ ಬಾಗಿಲಿಗೆ ಬಂದು ಕೈ ಎತ್ತಿದ.

ಅಂದಿನಿಂದ ಹುಡುಗಿಯರೆಲ್ಲ ಅವನನ್ನು ಮಾವ ಎಂದು ಕರೆಯತೊಡಗಿದರು. ಅವನ ಪುಸ್ತಕದ ಅಂಚಿನಲ್ಲಿ ಉಚ್ಚಾರಣೆಗಳನ್ನು ಅರಬ್ಬಿಯಲ್ಲಿ ಬರೆದುಕೊಡುತ್ತಿದ್ದರು. ಅವನು ಒಣಗಿಸಿದ ಆಕ್ಟೋಪಸ್ ತಂದು ಎಲ್ಲರಿಗೂ ಹಂಚುತ್ತಿದ್ದ. ಓದು ಬರಹ ಬೇಗ ಹತ್ತಿತು. ಆದರೆ ಟೀಚರ್ ಪ್ರಶ್ನೆ ಕೇಳಿದರೆ ಉತ್ತರ ಅವನ ಗಂಟಲವರೆಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು.

ಪರೀಕ್ಷೆ ಬಂತು. ಬರೆಯುವುದೆಲ್ಲ ಚೆನ್ನಾಗೇ ಆಯಿತು. ಮಾತಿನ ಪರೀಕ್ಷೆಯಲ್ಲಿ ಅವನ ಕೈಗೆ ರೊಟ್ಟಿಯ ಚಿತ್ರವಿದ್ದ ಚೀಟಿ ಕೊಟ್ಟು, ಪಕ್ಕದವರಿಗೆ ರೊಟ್ಟಿಯ ಬಗ್ಗೆ ಏನಾದರೂ ಪ್ರಶ್ನೆ ಕೇಳು ಎಂದರು. ಲಸ್ಸಾದ್ ರೊಟ್ಟಿ ನೋಡಿದ, ಪಕ್ಕದವಳನ್ನು ನೋಡಿದ, ಮತ್ತೆ ರೊಟ್ಟಿ ನೋಡಿದ. ಇವನಿಗೆ ಮೈ ಸರಿಯಿಲ್ಲವೆಂದು ಪರೀಕ್ಷಕರು ಗಾಬರಿಯಾಗಿ ನೀರು ಕೊಟ್ಟರು. ನೀರು ಕುಡಿದು ಎದ್ದು ಬಂದ.

ಫಲಿತಾಂಶ ತಿಳಿದ ಸಂಜೆ ಸಾಲ್ಹಾ ದೊಡ್ಡಮ್ಮ ಬಾರ್ಲಿ ರವೆಯ ಕುಸ್ಕುಸ್ ಮಾಡಿ, ಅದರ ಮೇಲೆ ಹರೀಸಾ ಖಾರದಲ್ಲಿ ಬೇಯಿಸಿದ ಮೀನು ಹಾಕಿ, ತಟ್ಟೆಯನ್ನು ತನ್ನ ಮುಂದೆ ಇಟ್ಟುಕೊಂಡು ಕೂತಳು.

"ಜರ್ಮನ್‌ನಲ್ಲಿ ಕೇಳು. ಕೇಳಿದ್ರೆ ಊಟ."

"ನಿಮಗೆ ಜರ್ಮನ್ ಬರಲ್ಲ ಅತ್ತೆ."

"ನನಗೆ ಬರಲ್ಲ ಅಂತ್ಲೇ ಹೇಳ್ತಿರೋದು. ನನಗೆ ಅರ್ಥ ಆಗೋ ಹಾಗೆ ಹೇಳು. ಆಗೋ ತನಕ ಹೇಳು."

ಲಸ್ಸಾದ್ ಮೆಲ್ಲಗೆ ಜರ್ಮನ್‌ನಲ್ಲಿ, "ದಯವಿಟ್ಟು ನನಗೆ ಮೀನು ಕೊಡಿ" ಎಂದ.

"ಕೇಳಿಸಲಿಲ್ಲ."

ಮತ್ತೆ ಹೇಳಿದ. ಆಕೆ ಉಪ್ಪಿನ ಡಬ್ಬಿ ಕೊಟ್ಟಳು. ಅಲ್ಲ ಎಂದ. ನೀರಿನ ಹೂಜಿ ಕೊಟ್ಟಳು. ಅಲ್ಲ, ಮೀನು, ಮೀನು ಎಂದು ಜರ್ಮನ್‌ನಲ್ಲೇ ಜೋರಾಗಿ ಹೇಳಿದ. ಆಗ ತಟ್ಟೆ ಅವನತ್ತ ಸರಿಯಿತು. ಅಂದಿನಿಂದ ಆ ಮನೆಯಲ್ಲಿ ಅದೇ ಕಾನೂನು. ಆಕೆಗೆ ಅರ್ಥವಾಗದ್ದನ್ನೆಲ್ಲ ಇವನು ಬಿಡಿಸಿ ಹೇಳಬೇಕು. ಬಿಡಿಸಿ ಹೇಳಿದ್ದು ಆಕೆಗೆ ಒಪ್ಪಿಗೆಯಾಗಬೇಕು. ಅಂಗಳ ದಾಟಿ ಹೋಗುವವರಿಗೆಲ್ಲ ಅವರ ಜಗಳ ಕೇಳಿಸುತ್ತಿತ್ತು.

"ಈ ಭಾಷೇಲಿ ಮೇಜು ಗಂಡು ಅತ್ತೆ."

"ಇರಲಿ. ಸುಮ್ನೆ ನಿಂತಿರುತ್ತೆ, ಕೆಲಸ ಮಾಡಲ್ಲ. ಗಂಡೇ."

"ಬಾಗಿಲು ಹೆಣ್ಣು."

"ಮನೆ ಕಾಯೋಳು ಅವಳೇ ತಾನೆ. ಸರಿ."

"ಹುಡುಗಿ ಎರಡೂ ಅಲ್ಲ."

"ಏನಂದೆ?"

"ಗಂಡೂ ಅಲ್ಲ, ಹೆಣ್ಣೂ ಅಲ್ಲ. ಅವಳು ಅನ್ನೋ ಹಾಗಿಲ್ಲ, ಅದು ಅನ್ಬೇಕು."

ಸಾಲ್ಹಾ ದೊಡ್ಡಮ್ಮ ಸೌಟು ಕೆಳಗಿಟ್ಟಳು. "ಹೆಣ್ಣು ಹೆತ್ತವರು ಮಾಡಿದ ಭಾಷೆ ಅಲ್ಲ ಇದು. ಪರೀಕ್ಷೇಲಿ ಏನಾದ್ರೂ ಬೊಗಳ್ಕೋ. ಈ ಮನೇಲಿ ಹುಡುಗಿ ಹೆಣ್ಣೇ."

ಹೀಗೆ ಚಳಿಗಾಲ ಕಳೆಯುವಷ್ಟರಲ್ಲಿ ಲಸ್ಸಾದನ ಗಂಟಲಿಗೆ ಮಾತು ರೂಢಿಯಾಗತೊಡಗಿತು. ಒಂದು ಸಂಜೆ ರೌದಾಳ ಫೋನು ಬಂದಾಗ, ಅವಳು ಶುರುಮಾಡುವ ಮೊದಲೇ ಇವನು ಜರ್ಮನ್‌ನಲ್ಲಿ ಕೇಳಿದನಂತೆ: "ನಮಸ್ಕಾರ. ಇವತ್ತು ನೀನು ಏನು ತಿಂದೆ?"

ರೌದಾ ಅರಬ್ಬಿಯಲ್ಲಿ, "ಯಾರಿದು? ಲಸ್ಸಾದ್‌ಗೆ ಫೋನ್ ಕೊಡಿ" ಎಂದಳು.

"ನಾನೇ."

"ನೀನಾ? ನಾನು ತಿಂದದ್ದು ಯಾಕೆ ನಿನಗೆ?"

"ಪಾಠದಲ್ಲಿದೆ."

ಅವಳು ನಕ್ಕಳು. ಆಮೇಲೆ ಉತ್ತರ ಹೇಳಿದಳು. ಆಲೂಗಡ್ಡೆ ಸೂಪು, ಒಂದು ಸೇಬು. ಅವನು ಮುಂದಿನ ಪ್ರಶ್ನೆ ಕೇಳಿದ. ನಿನ್ನ ಅಡುಗೆಮನೆಯ ಕಿಟಕಿಯಿಂದ ಏನು ಕಾಣುತ್ತದೆ? ಪಕ್ಕದ ಮನೆಯಲ್ಲಿ ಯಾರಿದ್ದಾರೆ? ಭಾನುವಾರ ಏನು ಮಾಡುತ್ತೀಯ? ನಿನ್ನ ಕೋಟು ಯಾವ ಬಣ್ಣ? ಒಂದೊಂದಕ್ಕೂ ಅವಳು ಉತ್ತರ ಹೇಳುತ್ತ ಹೋದಳು. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣಗಾಯಿತು. ಕೊನೆಗೆ ತಾಯಿಗೆ ಫೋನು ಕೊಡಿಸಿ, "ಅಮ್ಮಾ, ಮದುವೆಯಾಗಿ ಇಷ್ಟು ವರ್ಷ ಆಯ್ತು, ಇವರು ನನ್ನನ್ನು ಒಂದು ಪ್ರಶ್ನೆ ಕೇಳಿದವರಲ್ಲ" ಎಂದು ಮೂಗು ಒರೆಸಿಕೊಂಡಳಂತೆ.

"ತಡಿಯೇ, ಇನ್ನೂ ಅರ್ಧ ಪುಸ್ತಕ ಬಾಕಿ ಇದೆ" ಎಂದಳು ಸಾಲ್ಹಾ ದೊಡ್ಡಮ್ಮ.

ಆ ವಾರದಲ್ಲೇ ಇರಬೇಕು, ಲಸ್ಸಾದ್ ಅಂಗಡಿಗೆ ಬಂದವನು ನಾನು ಲೋಟ ಇಡುವ ಮೊದಲೇ, "ಸಕ್ಕರೆ ಬೇಡ" ಎಂದ. ನಾನು ಬೆರಗಾಗಿ ನೋಡಿದೆ.

"ಯಾವಾಗಿನಿಂದ ಬಿಟ್ಟೆ?"

"ಯಾವತ್ತೂ ಇಷ್ಟ ಇರಲಿಲ್ಲ."

ನನಗೆ ನಾಚಿಕೆಯೂ ಆಯಿತು, ನಗುವೂ ಬಂತು.

ಎರಡನೇ ಸಲದ ಪರೀಕ್ಷೆಯಲ್ಲಿ ಚೀಟಿಯ ಮೇಲೆ ಕೈಗಡಿಯಾರದ ಚಿತ್ರವಿತ್ತು. ಲಸ್ಸಾದ್ ಪಕ್ಕದ ಹುಡುಗಿಗೆ, ಈ ಗಡಿಯಾರ ಯಾರು ಕೊಟ್ಟರು, ಗಂಡ ಕೊಟ್ಟನೇ, ಅವನು ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾನೆಯೇ ಎಂದೆಲ್ಲ ಕೇಳಿದ. ಒಂದು ಪ್ರಶ್ನೆ ಸಾಕಿತ್ತು. ಪಾಸಾಯಿತು. ಶೈಮಾಳೂ ಪಾಸಾಗಿದ್ದಳು. ಹುಡುಗಿಯರೆಲ್ಲ ಸೇರಿ ಚಪ್ಪಲಿ ಅಂಗಡಿಯ ಮುಂದೆಯೇ ಮಾವನಿಗೆ ಜೂಲೂ ಕೂಗು ಹಾಕಿದರಂತೆ, ಮದುವೆಮನೆಯಲ್ಲಿ ಹೆಂಗಸರು ನಾಲಿಗೆ ಆಡಿಸಿ ಕೂಗುವ ಹಾಗೆ.

ಅರ್ಜಿ ಕೊಡಲು ರಾಜಧಾನಿ ಟ್ಯೂನಿಸ್‌ಗೆ ಹೋಗಬೇಕಿತ್ತು. ಒಬ್ಬನೇ ಹೋದರೆ ಮತ್ತೆ ಮೂಕನಾಗುತ್ತಾನೆ ಎಂದು ಸಾಲ್ಹಾ ದೊಡ್ಡಮ್ಮ ತಲೆಯಿಂದ ಕಾಲವರೆಗೆ ಬಿಳಿ ಸಫ್ಸಾರಿ ಬಟ್ಟೆ ಹೊದ್ದು, ರೊಟ್ಟಿ, ಬೇಯಿಸಿದ ಮೊಟ್ಟೆ ಕಟ್ಟಿಕೊಂಡು ಜೊತೆಗೆ ಹೊರಟಳು. ಜರ್ಮನ್ ರಾಯಭಾರ ಕಚೇರಿಯ ಒಳಗೆ ಆಕೆಯನ್ನು ಬಿಡಲಿಲ್ಲ. ಗೋಡೆಯ ನೆರಳಲ್ಲಿ ಕೂತು, ಸರದಿಯಲ್ಲಿದ್ದ ಮಂದಿಗೆಲ್ಲ ಮೊಟ್ಟೆ ಹಂಚಿ, ಯಾರ ಗಂಡ ಎಲ್ಲಿದ್ದಾನೆಂದು ವಿಚಾರಿಸಿಕೊಂಡಳು.

ಒಳಗೆ ಗಾಜಿನ ಆಚೆ ಕೂತಿದ್ದ ಹೆಂಗಸು ಕಾಗದಗಳನ್ನು ನೋಡಿ ಮುಗಿಸಿ, "ನಿಮ್ಮ ಹೆಂಡತಿ ಅಲ್ಲಿ ಹೇಗಿದ್ದಾರೆ, ಹೇಳಿ" ಎಂದು ಜರ್ಮನ್‌ನಲ್ಲಿ ಕೇಳಿದಳು. ಲಸ್ಸಾದ್ ಹೇಳಿದ. ಅಡುಗೆಮನೆಯ ಕಿಟಕಿಯಿಂದ ಟ್ರಾಮ್ ನಿಲ್ದಾಣ ಕಾಣುತ್ತದೆ. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ, ಅವಳ ನಾಯಿಗೆ ಒಂದು ಕಣ್ಣು ಕಾಣುವುದಿಲ್ಲ. ನನ್ನ ಹೆಂಡತಿಗೆ ಭಾನುವಾರ ಕಂಡರೆ ಆಗುವುದಿಲ್ಲ, ಏಕೆಂದರೆ ಅಂಗಡಿಗಳು ಮುಚ್ಚಿರುತ್ತವೆ, ಮಾತಾಡಲು ಯಾರೂ ಸಿಗುವುದಿಲ್ಲ. ಕೋಟು ಹಸಿರು, ಒಂದು ಗುಂಡಿ ಬಿದ್ದುಹೋಗಿದೆ, ಅದನ್ನು ನಾನು ಹೋಗಿ ಹಾಕಿಕೊಡಬೇಕು; ಬಲೆ ಹೊಲಿಯುವವನಿಗೆ ಗುಂಡಿ ಕಷ್ಟವಲ್ಲ. ಹೀಗೇ ಹೇಳುತ್ತಿದ್ದವನಿಗೆ ಆ ಹೆಂಗಸು ಕೈ ಎತ್ತಿ, "ಸಾಕು" ಎಂದಳು.

ಹೊರಗೆ ಬಂದಾಗ ಅತ್ತೆ ಕೇಳಿದಳು, "ಏನಾಯ್ತು?"

"ಸಾಕು ಅಂದ್ರು."

"ಅಂದ್ರೆ ಕೊಡ್ತಾರೋ, ಇಲ್ವೋ?"

"ಗೊತ್ತಿಲ್ಲ ಅತ್ತೆ. ನನಗೆ ಇನ್ನೂ ಹೇಳೋದಿತ್ತು."

ಕಾಯುವ ದಿನಗಳು ಸುಲಭವಾಗಿರಲಿಲ್ಲ. ಲಸ್ಸಾದ್ ಮಡಕೆಗಳನ್ನು ಇಳಿಸಿ ಬರುತ್ತಿದ್ದ, ಫೋನು ನೋಡುತ್ತಿದ್ದ. ಮಾತು ಮತ್ತೆ ನಿಂತೀತು ಎಂದು ನನಗೆ ಹೆದರಿಕೆಯಿತ್ತು. ಆದರೆ ಅವನು ಅಂಗಡಿಯಲ್ಲಿ ಕೂತು ತನ್ನ ಹೆದರಿಕೆಯನ್ನೇ ಹೇಳಿಕೊಳ್ಳುತ್ತಿದ್ದ: ಕೊಡದಿದ್ದರೆ ರೌದಾ ಬಂದುಬಿಡುತ್ತಾಳೆ, ಬಂದರೆ ಅವಳ ಆಸೆ ಮುರಿಯುತ್ತದೆ. ಬುಬೇಕರ್ ಎದ್ದು ಬಂದು ಪಕ್ಕದಲ್ಲಿ ಕೂತು, "ಕೊಡ್ತಾರೆ ಬಿಡಯ್ಯಾ. ಕೊಡದಿದ್ರೆ ನೀನು ದಿನಾ ಹೋಗಿ ಮಾತಾಡ್ತೀಯ ಅಂತ ಅವರಿಗೂ ಭಯ ಇರುತ್ತೆ" ಎಂದ.

ಬೇಸಿಗೆ ಹತ್ತಿರ ಬಂದಾಗ ವೀಸಾ ಬಂತು. ಹೊರಡುವ ಹಿಂದಿನ ದಿನ ಲಸ್ಸಾದ್ ಅತ್ತೆಯ ಮುಂದೆ ಕೂತು, "ನೀವು ಒಬ್ಬರೇ ಆಗ್ತೀರಲ್ಲ" ಎಂದ.

"ನನಗೇನು ಧಾಡಿ? ಪಕ್ಕದಲ್ಲಿ ತಂಗಿ ಇದಾಳೆ, ಅವಳ ಹಿಂಡು ಮಕ್ಕಳಿವೆ. ಇನ್ಮೇಲಾದ್ರೂ ನನ್ನ ಅಡುಗೆಮನೇಲಿ ಅರಬ್ಬಿ ಮಾತಾಡ್ಕೊಂಡು ಬೇಯಿಸ್ತೀನಿ" ಎಂದಳು. ಆದರೆ ದಕ್ಕೆಯಲ್ಲಿ ಅವನ ಕೈ ಹಿಡಿದುಕೊಂಡವಳು ಲಾಂಚಿನವನು ಗದರುವ ತನಕ ಬಿಡಲಿಲ್ಲ.

ಲಸ್ಸಾದ್ ಈಗ ಕಾಸೆಲ್‌ನ ಮಾರುಕಟ್ಟೆಯೊಂದರಲ್ಲಿ ಮೀನಿನ ಅಂಗಡಿಯಲ್ಲಿದ್ದಾನೆ. ಯಾವ ಮೀನನ್ನು ಹೇಗೆ ಬೇಯಿಸಬೇಕೆಂದು ಗಿರಾಕಿಗಳಿಗೆ ತಪ್ಪುತಪ್ಪು ಜರ್ಮನ್‌ನಲ್ಲಿ ಉದ್ದಕ್ಕೆ ಹೇಳುತ್ತಾನಂತೆ. ಮನೆಗೆ ಬಂದ ಮೇಲೂ ನಿಲ್ಲಿಸುವುದಿಲ್ಲ, ನನಗೆ ಮಾತಿನ ಪಾಳಿಯೇ ಸಿಗುವುದಿಲ್ಲ ಎಂದು ರೌದಾ ಫೋನಿನಲ್ಲಿ ದೂರುತ್ತಾಳೆ. ದೂರುವಾಗ ಅವಳ ದನಿ ಕೇಳಬೇಕು, ಒಡವೆ ತೋರಿಸುವವರ ದನಿ ಅದು.

ಕಳೆದ ಬೇಸಿಗೆಯಲ್ಲಿ ಇಬ್ಬರೂ ರಜೆಗೆ ಬಂದಿದ್ದರು. ಒಂದು ಬೆಳಿಗ್ಗೆ ಲಸ್ಸಾದ್ ಹೆಂಡತಿಯನ್ನು ಸಮುದ್ರಕ್ಕೆ ಕರೆದುಕೊಂಡು ಹೊರಟ. ಇದೇ ದ್ವೀಪದಲ್ಲಿ ಹುಟ್ಟಿ ಬೆಳೆದವಳು, ಗಂಡ ಮಡಕೆ ಎತ್ತುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. "ಇವರು ಕರೆದಿರಲಿಲ್ಲ, ನಾನು ಕೇಳಿರಲಿಲ್ಲ" ಎಂದು ದೋಣಿ ಹತ್ತುವಾಗ ನನಗೆ ಹೇಳಿದಳು. ಮಧ್ಯಾಹ್ನ ಮರಳಿದಾಗ ಅವಳ ಮೂಗು ಬಿಸಿಲಿಗೆ ಕೆಂಪಾಗಿತ್ತು, ಲಂಗ ಪೂರ್ತಿ ಒದ್ದೆಯಾಗಿತ್ತು, ಬುಟ್ಟಿಯಲ್ಲಿ ಎರಡು ಆಕ್ಟೋಪಸ್ ಇದ್ದವು. ದೊಡ್ಡದನ್ನು ತಾನೇ ಎಳೆದದ್ದು ಎಂದಳು. ಲಸ್ಸಾದ್ ಅದಲ್ಲ, ಸಣ್ಣದು ಎಂದ. ದಾರಿಯುದ್ದಕ್ಕೂ ಅದೇ ವಾದ ಮಾಡುತ್ತ ಸಾಲ್ಹಾ ದೊಡ್ಡಮ್ಮನ ಮನೆಯ ಕಡೆ ನಡೆದರು.